ಮೂರನೆಯ ಬೇಸಿಗೆಯ ದಾಸೋಹ

(ಯಡೂರಿನ ಶಿವಾನುಭವ ಗೋಷ್ಠಿಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

 

ಇಂದು ನನಗೆ ಕೊಟ್ಟಿರುವ ವಿಷಯ 'ಸೇವಾ ಸಂಸ್ಥೆಗಳು ಮತ್ತು ಪರಿಸರ'. ವಿಷಯ ದೊಡ್ಡದು, ಸಮಯ ಸಣ್ಣದು. ಆದ್ದರಿಂದ ಒಂದೇ ಪ್ರಶ್ನೆಯನ್ನು ಹಿಡಿದುಕೊಂಡು ಮಾತಾಡುತ್ತೇನೆ. ನಮ್ಮ ಚಿಕ್ಕೋಡಿ, ರಾಯಬಾಗ, ಅಥಣಿ, ಕಾಗವಾಡ, ನಿಪ್ಪಾಣಿ ಸೀಮೆಯಲ್ಲಿ ಯಾವುದೋ ಒಂದು ಸೇವಾ ಕ್ಲಬ್ಬಿನವರು ಊರಿನ ಜನರಿಗಾಗಿ ಒಂದು ನಿಸರ್ಗ ಉದ್ಯಾನ ಮಾಡುತ್ತೇವೆ ಎಂದು ಮುಂದೆ ಬಂದರು ಅನ್ನಿ. ಆಗ ಬಸವಾದಿ ಶರಣರನ್ನು ನಂಬಿದ ನಾವು ಏನು ಮಾಡಬೇಕು? ಚಪ್ಪಾಳೆ ತಟ್ಟಿ, ಒಂದು ಸಸಿಗೆ ನೀರು ಹಾಕಿ, ಫೋಟೋ ತೆಗೆಸಿಕೊಂಡು ಬಂದರೆ ಸಾಕೇ? ಅದರಲ್ಲಿ ನಮ್ಮದೂ ಒಂದು ಪಾಲಿದೆಯೇ?

ಮೊದಲು ಈ ಕ್ಲಬ್ಬುಗಳ ಬಗ್ಗೆ ನ್ಯಾಯವಾದ ಮಾತು ಹೇಳಬೇಕು. ನಮ್ಮಲ್ಲಿ ಕೆಲವರು ಅವುಗಳನ್ನು ಶ್ರೀಮಂತರ ಸಂಜೆಯ ಕೂಟ ಎಂದು ಹಗುರಾಗಿ ಮಾತಾಡುತ್ತಾರೆ. ರೋಟರಿ ಹುಟ್ಟಿದ್ದು 1905ರಲ್ಲಿ, ಅಮೆರಿಕದ ಶಿಕಾಗೋ ನಗರದಲ್ಲಿ. ಪಾಲ್ ಹ್ಯಾರಿಸ್ ಎಂಬ ವಕೀಲರು ಅದನ್ನು ಕಟ್ಟಿದರು. ಆ ಕ್ಲಬ್ಬು 1907ರಲ್ಲಿ ಕೈಗೆತ್ತಿಕೊಂಡ ಮೊದಲ ಸಾರ್ವಜನಿಕ ಕೆಲಸ ಯಾವುದು ಗೊತ್ತೇ? ಊರಿನ ಜನರಿಗೆ ಶೌಚಾಲಯ ಕಟ್ಟಿಸುವುದು. ಅರಮನೆಯಲ್ಲ, ಗೋಪುರವಲ್ಲ, ಶೌಚಾಲಯ! ಹಾದಿಯಲ್ಲಿ ಹೋಗುವವರ ತೊಂದರೆ ನೋಡಿ ಹುಟ್ಟಿದ ಕೆಲಸ ಅದು. ಲಯನ್ಸ್ ಸಂಸ್ಥೆ 1917ರಲ್ಲಿ ಹುಟ್ಟಿತು. ಪರಿಸರ ರಕ್ಷಣೆಯನ್ನು ರೋಟರಿ ತನ್ನ ಮುಖ್ಯ ಸೇವಾಕ್ಷೇತ್ರಗಳಲ್ಲಿ ಒಂದಾಗಿ ಸೇರಿಸಿಕೊಂಡು, 2021ರ ಜುಲೈನಿಂದ ಆ ಕೆಲಸಕ್ಕೂ ತನ್ನ ನಿಧಿಯನ್ನು ತೆರೆಯಿತು. ಅಂದರೆ ಹಣವಿದೆ, ಮನಸ್ಸಿದೆ, ಹುರುಪಿನ ಜನರಿದ್ದಾರೆ. ಇದನ್ನು ಒಪ್ಪಿಕೊಳ್ಳೋಣ.

ಆದರೆ ಒಂದು ತೊಡಕಿದೆ. ರೋಟರಿಯ ವರ್ಷ ಜುಲೈ 1ಕ್ಕೆ ಶುರುವಾಗಿ ಜೂನ್ 30ಕ್ಕೆ ಮುಗಿಯುತ್ತದೆ. ಅಧ್ಯಕ್ಷರ ಅವಧಿಯೂ ಅಷ್ಟೇ, ಒಂದು ವರ್ಷ. ಹೊಸ ಅಧ್ಯಕ್ಷರು ಪದಗ್ರಹಣ ಮಾಡುವ ಹೊತ್ತಿಗೇ ಜುಲೈ ಮೊದಲ ವಾರದ ವನಮಹೋತ್ಸವ ಬರುತ್ತದೆ. ಮಳೆ ಬಿದ್ದಿರುತ್ತದೆ, ನೆಲ ಹಸಿಯಾಗಿರುತ್ತದೆ, ಸಸಿ ನೆಡುವುದು ಸುಲಭ. ಹಾರ, ಶಾಲು, ಭಾಷಣ ಎಲ್ಲ ಆಗುತ್ತವೆ. ಆ ಸಸಿ ಮೊದಲ ಬೇಸಿಗೆಯನ್ನು ಕಾಣುವುದು ಮಾರ್ಚಿಯಲ್ಲಿ. ಎರಡನೆಯ ಬೇಸಿಗೆಯ ಹೊತ್ತಿಗೆ ಬೇರೊಬ್ಬರು ಅಧ್ಯಕ್ಷರು. ಮೂರನೆಯ ಬೇಸಿಗೆಗೆ ಮತ್ತೊಬ್ಬರು. ಹೊಸದಾಗಿ ಬಂದವರಿಗೆ ಹೊಸ ಯೋಜನೆ ಬೇಕು. ಹಿಂದಿನವರು ನೆಟ್ಟ ಸಸಿಗೆ ನೀರು ಹಾಕಿದರೆ ಪೇಪರಿನಲ್ಲಿ ಫೋಟೋ ಬರುವುದಿಲ್ಲ. ಇದು ಯಾರದೋ ಕೆಟ್ಟತನವಲ್ಲ, ಏರ್ಪಾಡೇ ಹಾಗಿದೆ. ಪಂಚಾಯತಿಯ ಕತೆಯೂ ಇದೇ: ಐದು ವರ್ಷಕ್ಕೊಮ್ಮೆ ಚುನಾವಣೆ, ನಡುವೆ ಅಧಿಕಾರಿಗಳ ವರ್ಗಾವಣೆ. ಅಧಿಕಾರಕ್ಕೆ ಅವಧಿ ಇದೆ, ಗಿಡಕ್ಕೆ ಆ ಲೆಕ್ಕ ಗೊತ್ತಿಲ್ಲ. ಮೂರು ಬೇಸಿಗೆ ದಾಟಿದ ಮೇಲೇ ಅದರ ಬೇರು ತನ್ನ ನೀರನ್ನು ತಾನೇ ಹುಡುಕಿಕೊಳ್ಳುತ್ತದೆ.

ಹಾಗಾದರೆ ಊರಿನಲ್ಲಿ ಮೂರು ವರ್ಷ, ಹತ್ತು ವರ್ಷ, ನೂರು ವರ್ಷ ಒಂದೇ ಕಡೆ ಇರುವ ಸಂಸ್ಥೆ ಯಾವುದು? ಮಠ. ಸ್ವಾಮಿಗಳು ಲಿಂಗೈಕ್ಯರಾಗಬಹುದು, ಮಠದ ಒಲೆ ಆರುವುದಿಲ್ಲ. ದಾಸೋಹದ ಮನೆಯಲ್ಲಿ ನಾಳೆಯ ಅನ್ನಕ್ಕೆ ಇಂದೇ ಅಕ್ಕಿ ಎತ್ತಿಡುವ ರೂಢಿ ಇದೆ. ಆದ್ದರಿಂದ ಕ್ಲಬ್ಬಿನ ಹುರುಪು, ಪಂಚಾಯತಿಯ ನೆಲ, ಮಠದ ನಿರಂತರತೆ ಈ ಮೂರೂ ಕೂಡಿದರೆ ಉದ್ಯಾನ ಉಳಿಯುತ್ತದೆ. ಮೂರರಲ್ಲಿ ಒಂದು ತಪ್ಪಿದರೂ ಉಳಿಯುವುದು ಕಬ್ಬಿಣದ ಫಲಕ ಮಾತ್ರ. ನಾನು ಹೇಳಬೇಕೆಂದಿರುವ ಮುಖ್ಯ ಮಾತು ಇಷ್ಟೇ. ಇನ್ನುಳಿದದ್ದು ಅದರ ವಿವರ.

ಸಾರ್ವಜನಿಕ ಕೆಲಸ ನಮಗೆ ಹೊಸದೇನೂ ಅಲ್ಲ. ಇಲ್ಲಿಂದ ಈಶಾನ್ಯಕ್ಕೆ ಹೋದರೆ ಸೊಲ್ಲಾಪುರ. ಇಂದು ಅದು ಮಹಾರಾಷ್ಟ್ರದಲ್ಲಿದೆ, ಆದರೆ ಅದು ನಮ್ಮ ಸಿದ್ಧರಾಮ ಶಿವಯೋಗಿಗಳ ಸೊನ್ನಲಿಗೆ. ಹನ್ನೆರಡನೆಯ ಶತಮಾನದಲ್ಲಿ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಆ ಕೆರೆ ಇಂದಿಗೂ ನಗರದ ನಡುವೆ ಇದೆ. ಅಲ್ಲಮಪ್ರಭುಗಳು ಸೊನ್ನಲಿಗೆಗೆ ಬಂದ ಪ್ರಸಂಗ ಶೂನ್ಯಸಂಪಾದನೆಯಲ್ಲಿ ಬರುತ್ತದೆ, ನಿಮಗೆಲ್ಲ ಗೊತ್ತಿರುವುದೇ. ಕೆಲಸ ಭರದಿಂದ ಸಾಗಿದೆ, ಸಾವಿರಾರು ಜನ ಮಣ್ಣು ಹೊರುತ್ತಿದ್ದಾರೆ. ಪ್ರಭುಗಳು ಬಂದವರೇ ಸಿದ್ಧರಾಮರನ್ನು ಒಡ್ಡ ಎಂದು ಕರೆದು ಕೇಳುತ್ತಾರೆ. ಜನ ಸಿಟ್ಟಾಗುತ್ತಾರೆ. ಪ್ರಭುಗಳು ಕೆರೆ ಕಟ್ಟುವುದು ತಪ್ಪು ಎಂದು ಹೇಳಲು ಬಂದಿರಲಿಲ್ಲ. ಕಟ್ಟುವವನೊಳಗೆ 'ನಾನು ಕಟ್ಟಿದೆ' ಎಂಬುದು ಉಳಿದಿದೆಯೇ ಎಂದು ನೋಡಲು ಬಂದಿದ್ದರು. ಸಿದ್ಧರಾಮರು ಆ ಪರೀಕ್ಷೆಯನ್ನು ದಾಟಿ ಕಲ್ಯಾಣಕ್ಕೆ ಹೋದರು, ಚೆನ್ನಬಸವಣ್ಣನವರಿಂದ ಇಷ್ಟಲಿಂಗ ದೀಕ್ಷೆ ಪಡೆದರು. ಕೆರೆಯೂ ಉಳಿಯಿತು, ಅಹಂಕಾರವೂ ಅಳಿಯಿತು. ಸೇವೆಗೂ ದಾಸೋಹಕ್ಕೂ ಇರುವ ಅಂತರ ಇದೇ. ಸೇವೆಯಲ್ಲಿ ಕೊಡುವವನು ಮೇಲೆ ನಿಲ್ಲಬಹುದು. ದಾಸೋಹದಲ್ಲಿ ಕೊಡುವವನೇ ದಾಸ.

ಉದ್ಯಾನಕ್ಕೆ ಈ ಮಾತನ್ನು ಹಚ್ಚಿ ನೋಡೋಣ. ಎಷ್ಟೋ ಊರುಗಳಲ್ಲಿ ಉದ್ಯಾನಕ್ಕೆ ಹೋದರೆ ಮೊದಲು ಕಾಣುವುದು ಗ್ರಾನೈಟ್ ಕಲ್ಲು. ಅದರ ಮೇಲೆ ಉದ್ಘಾಟಕರು, ಅಧ್ಯಕ್ಷರು, ಮುಖ್ಯ ಅತಿಥಿಗಳು, ದಾನಿಗಳು ಎಂದು ಹೆಸರುಗಳ ಸಾಲು. ಬೆಂಚಿನ ಬೆನ್ನಿಗೆ ಹೆಸರು, ಸಸಿಯ ಮುಂದೆ ಹೆಸರು. ಗಿಡದ ಹೆಸರು ಮಾತ್ರ ಎಲ್ಲೂ ಇಲ್ಲ! ವಿಜಯಪುರದ ಜ್ಞಾನಯೋಗಾಶ್ರಮದ ಸಿದ್ಧೇಶ್ವರ ಅಪ್ಪಗಳನ್ನು ನೆನೆಯಿರಿ. 2023ರ ಜನವರಿ 2ರಂದು ಅವರು ದೇಹ ಬಿಟ್ಟರು. ತಮಗೆ ಗುಡಿ ಬೇಡ, ಸ್ಮಾರಕ ಬೇಡ ಎಂದು ವರ್ಷಗಳ ಹಿಂದೆಯೇ ಬರೆದಿಟ್ಟಿದ್ದರು. ಅಂಥವರು ನಡೆದಾಡಿದ ನೆಲದಲ್ಲಿ ನಾವು ಒಂದು ಬೇವಿನ ಗಿಡಕ್ಕೆ ನಮ್ಮ ಹೆಸರಿನ ಕಲ್ಲು ನಿಲ್ಲಿಸುವುದು ಶೋಭೆಯೇ?

ಆ ವಿಜಯಪುರವೇ ಇನ್ನೊಂದು ಪಾಠ ಹೇಳುತ್ತದೆ. ಜಿಲ್ಲೆಯ ಅರಣ್ಯ ಶೇಕಡಾ 0.17 ಮಾತ್ರ ಎಂದು ಹೇಳುತ್ತಿದ್ದ ಕಾಲದಲ್ಲಿ, 2016ರಲ್ಲಿ ಅಲ್ಲಿ ಕೋಟಿ ವೃಕ್ಷ ಅಭಿಯಾನ ಆರಂಭವಾಯಿತು. ಸರಕಾರ, ಶಿಕ್ಷಣ ಸಂಸ್ಥೆಗಳು, ರೈತರು, ಸಂಘಸಂಸ್ಥೆಗಳು ಕೈಗೂಡಿಸಿದರು. ಬರದ ಜಿಲ್ಲೆಯವರು ಹಸಿರಿಗಾಗಿ ಇಷ್ಟು ಹಂಬಲಿಸುವಾಗ, ಕೃಷ್ಣೆಯ ದಂಡೆಯ ನಾವು ನಮಗೆ ಕೊರತೆ ಇಲ್ಲ ಎಂದು ಕುಳಿತಿದ್ದೇವೆ. ನಮ್ಮದು ಹಸಿರು ನಾಡು ಎಂದು ಹೇಳುವುದುಂಟು. ಆ ಹಸಿರು ಯಾವುದು? ಕಬ್ಬು. ಕಣ್ಣು ಹಾಯಿಸಿದಷ್ಟು ದೂರ ಕಬ್ಬು. ಬದುವಿನ ಗಿಡಗಳ ನೆರಳು ಬೆಳೆಗೆ ಬೀಳುತ್ತದೆಂದು ಕಡಿದೆವು. ನೀರು ಹೆಚ್ಚಾಗಿ ಹಾಯಿಸಿ ಎಷ್ಟೋ ಹೊಲ ಸವಳು ಜವಳಾದವು. ಗುಬ್ಬಿ ಕೂರಲು ಟೊಂಗೆ ಇಲ್ಲ, ಬುತ್ತಿ ಬಿಚ್ಚಿ ಉಣ್ಣಲು ನೆರಳಿಲ್ಲ.

ನೆರಳು ಯಾರಿಗೆ ಬೇಕು ಎಂಬುದನ್ನೂ ಕೇಳಿಕೊಳ್ಳೋಣ. ಕಬ್ಬು ಕಡಿಯುವ ಗ್ಯಾಂಗುಗಳು ಹಂಗಾಮಿನಲ್ಲಿ ಬಂದು ಹೊಲದ ಬದಿಗೆ ಗುಡಿಸಲು ಹಾಕುತ್ತವೆ. ತಾಯಿ ಕಬ್ಬು ಕಡಿಯುವಾಗ ಕೂಸು ರವದಿಯ ಮೇಲೆ ಮಲಗಿರುತ್ತದೆ. ಊರಿನ ಕಟ್ಟೆಯ ಮೇಲೆ ಸಂಜೆ ಕೂರುವವರು ಯಾರು? ಗಂಡಸರು. ನಮ್ಮ ತಾಯಂದಿರು, ಸೊಸೆಯಂದಿರು, ಕಾಲೇಜಿಗೆ ಹೋಗುವ ಹೆಣ್ಣುಮಕ್ಕಳು ಮನೆಯ ಹೊರಗೆ ಅಂಜಿಕೆಯಿಲ್ಲದೆ ಅರ್ಧ ತಾಸು ಕೂರುವ ಒಂದು ಜಾಗ ಊರಿನಲ್ಲಿದೆಯೇ? ವೀರಭದ್ರ ದೇವರ ದರ್ಶನಕ್ಕೆ ಅಮಾವಾಸ್ಯೆಗೆ, ಜಾತ್ರೆಗೆ ಬರುವ ಮುದುಕರು ಹೊಳೆಯ ದಂಡೆಯಲ್ಲಿ ಎಲ್ಲಿ ಕೂರಬೇಕು? ಸಾರ್ವಜನಿಕ ಉದ್ಯಾನ ಇವರಿಗಾಗಿ. ಅನುಭವ ಮಂಟಪದಲ್ಲಿ ಯಾವ ಕಾಯಕದವರು, ಯಾವ ಕುಲದವರು ಬಂದರೂ ಸರಿಸಮನಾಗಿ ಕೂತರು ಎಂದು ನಾವು ಅಭಿಮಾನದಿಂದ ಹೇಳುತ್ತೇವೆ. ಹಾಗೆ ಕೂರುವ ಒಂದು ಬೆಂಚನ್ನಾದರೂ ನಮ್ಮ ಊರಿನಲ್ಲಿ ಹಾಕೋಣವೇ? ಟಿಕೆಟ್ ಇಟ್ಟು, ಗೇಟಿಗೆ ಬೀಗ ಹಾಕಿ, ಕೂಲಿಯವರು ಒಳಗೆ ಬಂದರೆ ಕಾವಲುಗಾರ ಗದರಿಸುವಂತಾದರೆ ಅದು ಉದ್ಯಾನವಲ್ಲ, ಇನ್ನೊಂದು ವಾಡೆ.

ಇನ್ನು ಕೆಲಸದ ಮಾತು. ಯಡೂರಿನಂಥ ಊರಿನಲ್ಲಿ ಉದ್ಯಾನ ಮಾಡುವವರು ಮೊದಲು ಹೊಳೆಯನ್ನು ಕೇಳಬೇಕು. ಈ ಭಾಗದಲ್ಲೇ ದೂಧಗಂಗೆ ಕೃಷ್ಣೆಯನ್ನು ಕೂಡುತ್ತಾಳೆ. ಮಹಾರಾಷ್ಟ್ರದ ಘಟ್ಟದಲ್ಲಿ ಮಳೆ ಜೋರಾದರೆ ನಮ್ಮ ಕಲ್ಲೋಳ–ಯಡೂರ ಬಾಂದಾರ ನೀರೊಳಗೆ ಹೋಗುತ್ತದೆ. 2005, 2019, 2021ರ ಮಹಾಪೂರಗಳನ್ನು ನೀವು ನನಗಿಂತ ಚೆನ್ನಾಗಿ ಬಲ್ಲಿರಿ. ಹೀಗಿರುವಾಗ ದಂಡೆಯ ಮೇಲೆ ಸಿಮೆಂಟಿನ ಕಾರಂಜಿ, ಬಣ್ಣದ ದೀಪ, ಪ್ಲಾಸ್ಟಿಕ್ ಜಾರುಬಂಡಿ ಇಟ್ಟರೆ ಒಂದೇ ಮಳೆಗಾಲಕ್ಕೆ ಹೋಗುತ್ತವೆ. ಪೂರದ ನೀರು ಬರುವ ಗೆರೆಯ ಕೆಳಗೆ ಯಾವ ಕಟ್ಟಡವೂ ಬೇಡ. ಅಲ್ಲಿ ಹೊಳೆಮತ್ತಿ, ನೇರಳೆ, ಅತ್ತಿ, ಹೊಂಗೆ, ಜಾಲಿ, ಬಿದಿರು ಬೆಳೆಯಲಿ. ಅವು ನೀರಿನಲ್ಲಿ ಕೆಲವು ದಿನ ನಿಂತರೂ ತಾಳುತ್ತವೆ. ದಂಡೆಯ ಅಂಚಿಗೆ ಲಾವಂಚದ ಹುಲ್ಲು ಹಚ್ಚಿದರೆ ಅದರ ಬೇರು ಮಣ್ಣನ್ನು ಕಚ್ಚಿ ಹಿಡಿಯುತ್ತದೆ. ಗೆರೆಯ ಮೇಲಿನ ನೆಲದಲ್ಲಿ ಬೇವು, ಹುಣಸೆ, ಆಲ, ಬನ್ನಿ, ಬಿಲ್ವ. ಸವಳಾದ ನೆಲವಿದ್ದರೆ ಅಲ್ಲಿ ಜಾಲಿ, ಹೊಂಗೆ, ಬೇವು. ಬೇಗ ಬೆಳೆಯುತ್ತವೆ ಎಂದು ನೀಲಗಿರಿ ಹಚ್ಚುವುದು ಬೇಡ. ಹುಲ್ಲುಹಾಸನ್ನು ದಿನವೂ ನೀರುಣಿಸಿ ಸಾಕುವುದೂ ಬೇಡ. ಹಕ್ಕಿಗೆ ಹಣ್ಣು, ಜೇನಿಗೆ ಹೂ, ಮನುಷ್ಯನಿಗೆ ನೆರಳು ಕೊಡುವ ನಮ್ಮ ಗಿಡಗಳೇ ಸಾಕು.

ದೂರದ ಒಂದು ಉದಾಹರಣೆ ಹೇಳುತ್ತೇನೆ. ದಿಲ್ಲಿಯ ಪಕ್ಕದ ಗುರುಗ್ರಾಮದಲ್ಲಿ ಕಲ್ಲುಗಣಿ ತೋಡಿ ಹಾಳಾಗಿದ್ದ ಅರಾವಳಿ ಗುಡ್ಡದ ನೂರಾರು ಎಕರೆ ನೆಲವಿತ್ತು. ನಾಗರಿಕರದೇ ಒಂದು ಗುಂಪು 2010ರ ಸುಮಾರಿಗೆ ನಗರಸಭೆಯ ಜೊತೆ ಕೈಗೂಡಿಸಿ ಅಲ್ಲಿ ಕಾಡು ಬೆಳೆಸಲು ಹೊರಟಿತು. ಪೇಟೆಯ ನರ್ಸರಿಯ ಅಲಂಕಾರದ ಗಿಡ ತರಲಿಲ್ಲ. ಅರಾವಳಿಯಲ್ಲೇ ಬೀಜ ಆಯ್ದು ಸಸಿ ಮಾಡಿದರು. ಶಾಲೆಯ ಮಕ್ಕಳು, ನೌಕರರು ವರ್ಷ ವರ್ಷವೂ ಬಂದು ದುಡಿದರು. 2022ರಲ್ಲಿ ಅದಕ್ಕೆ ದೇಶದ ಮಟ್ಟದ ಮನ್ನಣೆ ಸಿಕ್ಕಿತು: ಅಭಯಾರಣ್ಯವಲ್ಲದಿದ್ದರೂ ಜೀವವೈವಿಧ್ಯವನ್ನು ಕಾಯುತ್ತಿರುವ ತಾಣ ಎಂದು. ಗಮನಿಸಿ, ಅದಕ್ಕೆ ಹಿಡಿದದ್ದು ಹನ್ನೆರಡು ವರ್ಷ.

ಇನ್ನೊಂದು ಉದಾಹರಣೆ ನಮ್ಮ ನಾಡಿನದೇ. ಸಾಲುಮರದ ತಿಮ್ಮಕ್ಕ. ಹುಲಿಕಲ್ ಮತ್ತು ಕುದೂರಿನ ನಡುವಿನ ಹಾದಿಗೆ ಗಂಡ ಹೆಂಡತಿ ಕೂಡಿ ಬೆಳೆಸಿದ 385 ಆಲದ ಮರಗಳ ಬಗ್ಗೆ ಎಲ್ಲರೂ ಮಾತಾಡುತ್ತಾರೆ. ಮೊದಲ ವರ್ಷ ಅವರು ನೆಟ್ಟದ್ದು ಎಷ್ಟು ಎಂಬುದನ್ನು ಯಾರೂ ನೆನಪಿಡುವುದಿಲ್ಲ. ಹತ್ತು. ಮರುವರ್ಷ ಹದಿನೈದು, ಅದರ ಮರುವರ್ಷ ಇಪ್ಪತ್ತು. ಕೊಡದಲ್ಲಿ ನೀರು ಹೊತ್ತರು, ದನ ತಿನ್ನದಂತೆ ಮುಳ್ಳು ಕಟ್ಟಿದರು. ತಮ್ಮಿಂದ ಎಷ್ಟಕ್ಕೆ ನೀರು ಹೊರಲಾದೀತೋ ಅಷ್ಟನ್ನೇ ನೆಟ್ಟರು.

ಇಲ್ಲಿ ನನಗೆ ಆಯ್ದಕ್ಕಿ ಲಕ್ಕಮ್ಮ ತಾಯಿ ನೆನಪಾಗುತ್ತಾಳೆ. ಮಾರಯ್ಯನವರು ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬಾ ಎಂದು ಕಳಿಸಿದ ತಾಯಿ. ಬಡತನಕ್ಕೆ ಅಂಜಲಿಲ್ಲ, ಹೆಚ್ಚಿನದಕ್ಕೆ ಅಂಜಿದಳು. ಒಂದೇ ದಿನದಲ್ಲಿ ಹತ್ತು ಸಾವಿರ ಸಸಿ ನೆಡುತ್ತೇವೆ ಎಂದು ಯಾರಾದರೂ ಬಂದರೆ ಲಕ್ಕಮ್ಮನ ಪ್ರಶ್ನೆಯನ್ನೇ ಕೇಳಿ: ಇದು ನಮಗೆ ಬೇಕಾದಷ್ಟೋ, ಆಸೆಯಷ್ಟೋ?

ಲೆಕ್ಕ ಹಾಕಿ ನೋಡೋಣ. ಒಂದು ಸಸಿಗೆ ವಾರಕ್ಕೆ ಎರಡು ಸಲ, ಸಲಕ್ಕೆ 10 ಲೀಟರ್ ನೀರು ಎಂದುಕೊಳ್ಳಿ. 100 ಸಸಿಗೆ ವಾರಕ್ಕೆ 2,000 ಲೀಟರ್. ಫೆಬ್ರುವರಿಯಿಂದ ಮೇ ಕೊನೆಯವರೆಗೆ ಸುಮಾರು 17 ವಾರ. ಒಟ್ಟು 34,000 ಲೀಟರ್, ಅಂದರೆ 5,000 ಲೀಟರಿನ ಏಳು ಟ್ಯಾಂಕರ್. ಮೂರು ಬೇಸಿಗೆಗೆ 21 ಟ್ಯಾಂಕರ್. ಇದು ಯಾವ ಊರಿಗೂ ಆಗದ ಕೆಲಸವಲ್ಲ. ಅದೇ 10,000 ಸಸಿಯಾದರೆ ಒಂದೇ ಬೇಸಿಗೆಗೆ 680 ಟ್ಯಾಂಕರ್ ಬೇಕು. ಅಷ್ಟು ನೀರು ತರುವವರು ಯಾರು? ತರದಿದ್ದರೆ ನಾವು ನೆಟ್ಟದ್ದು ಸಸಿಯಲ್ಲ, ಹತ್ತು ಸಾವಿರ ಕಟ್ಟಿಗೆ.

ಮಠಗಳು ಇಂಥ ಕೆಲಸಕ್ಕೆ ಬೆನ್ನೆಲುಬಾಗಿ ನಿಲ್ಲಬಲ್ಲವೇ ಎಂಬ ಅನುಮಾನ ಯಾರಿಗಾದರೂ ಇದ್ದರೆ ಗದಗ ಜಿಲ್ಲೆಯನ್ನು ನೋಡಿ. 2011ರಲ್ಲಿ ಹಳ್ಳಿಗುಡಿಯಲ್ಲಿ ಪೋಸ್ಕೋ ಉಕ್ಕಿನ ಕಾರ್ಖಾನೆಗಾಗಿ ರೈತರ ಭೂಮಿ ಹೋಗುವುದರಲ್ಲಿತ್ತು. ಗದುಗಿನ ತೋಂಟದ ಸಿದ್ಧಲಿಂಗ ಮಹಾಸ್ವಾಮಿಗಳು ರೈತರ ಮುಂದೆ ನಿಂತರು. ಕಾರ್ಖಾನೆ ಬರಲಿಲ್ಲ. ಆಮೇಲೆ ಕಪ್ಪತಗುಡ್ಡ. 2015ರಲ್ಲಿ ಅದನ್ನು ಸಂರಕ್ಷಿತ ಪ್ರದೇಶವೆಂದು ಸಾರಿದರು, 2016ರಲ್ಲಿ ಆ ಆದೇಶವನ್ನೇ ಹಿಂದಕ್ಕೆ ಪಡೆದರು. ತೋಂಟದ ಶ್ರೀಗಳು, ನಂದಿವೇರಿ ಮಠದ ಶಿವಕುಮಾರ ಸ್ವಾಮಿಗಳು, ಪರಿಸರದ ಕಾರ್ಯಕರ್ತರು, ಜನರು ಮತ್ತೆ ಬೀದಿಗಿಳಿದರು. 2017ರಲ್ಲಿ ಆದೇಶ ಮರಳಿ ಬಂತು. 2018ರ ಅಕ್ಟೋಬರಿನಲ್ಲಿ ಶ್ರೀಗಳು ಲಿಂಗೈಕ್ಯರಾದರು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಯಿತು, 244 ಚದರ ಕಿಲೋಮೀಟರಿನಷ್ಟು. ನೆಟ್ಟವರು ನೋಡದೇ ಹೋದ ನೆರಳು ಅದು. ಅವರು ಹಚ್ಚಿದ ಕೆಲಸ ಅವರ ನಂತರವೂ ನಡೆಯಿತು. ನಿರಂತರತೆ ಎಂದರೆ ಇದು.

ನಮ್ಮ ಮುಂದಿರುವುದು ಗುಡ್ಡವಲ್ಲ, ಎರಡು ಮೂರು ಎಕರೆ ನೆಲ. ಅದಕ್ಕೆ ಐದು ಸೂಚನೆ ಮುಂದಿಟ್ಟು ಮಾತು ಮುಗಿಸುತ್ತೇನೆ.

ಒಂದು. ನೆಲ ಸಾರ್ವಜನಿಕರದೇ ಆಗಿ ಉಳಿಯಬೇಕು. ಗ್ರಾಮಸಭೆಯಲ್ಲಿ ಚರ್ಚಿಸಿ, ಪಂಚಾಯತಿಯಲ್ಲಿ ಠರಾವು ಮಾಡಿಸಿ, ಮೋಜಣಿ ಮಾಡಿಸಿ ಗಡಿಕಲ್ಲು ನೆಡಿ. ಊರೊಟ್ಟಿನ ಜಮೀನನ್ನು ಒತ್ತುವರಿ ಮಾಡಿದವರನ್ನು ತೆರವುಗೊಳಿಸಬೇಕೆಂದು ಸುಪ್ರೀಂ ಕೋರ್ಟು 2011ರ ಜಗಪಾಲ್ ಸಿಂಗ್ ಪ್ರಕರಣದಲ್ಲಿ ರಾಜ್ಯಗಳಿಗೆ ಸ್ಪಷ್ಟವಾಗಿ ಹೇಳಿದೆ. ಒತ್ತಿದವರಲ್ಲಿ ನಮ್ಮವರೇ ಇದ್ದರೆ ಮೊದಲು ಅವರೇ ಬಿಟ್ಟುಕೊಡಲಿ. ಅದು ಸಾವಿರ ಸಸಿಗಿಂತ ದೊಡ್ಡ ದಾಸೋಹ.

ಎರಡು. ಕ್ಲಬ್ಬು, ಪಂಚಾಯತಿ, ಮಠ ಮೂರೂ ಸೇರಿ ಕನಿಷ್ಠ ನಾಲ್ಕು ವರ್ಷದ ಬರಹದ ಒಪ್ಪಂದ ಮಾಡಿಕೊಳ್ಳಲಿ. ಅಧ್ಯಕ್ಷರು ಬದಲಾದರೂ ಗಿಡ ನೋಡಿಕೊಳ್ಳುವ ಸಮಿತಿ ಬದಲಾಗಬಾರದು. ಅದರಲ್ಲಿ ಅರ್ಧದಷ್ಟಾದರೂ ಹೆಣ್ಣುಮಕ್ಕಳಿರಲಿ. 2002ರ ಜೀವವೈವಿಧ್ಯ ಕಾಯಿದೆಯಂತೆ ಪ್ರತಿ ಪಂಚಾಯತಿಗೂ ಒಂದು ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು. ಅದನ್ನೂ ಎಬ್ಬಿಸಿ, ಕೆಲಸಕ್ಕೆ ಹಚ್ಚಿ.

ಮೂರು. ನೀರು ಹಾಕುವವನಿಗೆ ಸಂಬಳ ಇರಲಿ. ಪುಕ್ಕಟೆ ದುಡಿಸಿಕೊಂಡು ಅದನ್ನು ಸೇವೆ ಎನ್ನಬೇಡಿ. ಕಾಯಕಕ್ಕೆ ತಕ್ಕ ಪ್ರತಿಫಲ ಶರಣರ ಕಾಲದ ಮಾತು. ಉದ್ಘಾಟನೆಯ ಪೆಂಡಾಲು, ಹಾರ, ಶಾಲಿನ ಖರ್ಚು ಉಳಿಸಿದರೆ ಆ ಸಂಬಳದ ಕೆಲವು ತಿಂಗಳು ಹುಟ್ಟುತ್ತವೆ.

ನಾಲ್ಕು. ಬೋರ್ಡು ಬೇಕಿದ್ದರೆ ಗಿಡದ ಹೆಸರಿನದು ಇರಲಿ: ಇದು ಹೊಳೆಮತ್ತಿ, ಇದು ಅತ್ತಿ, ಇದಕ್ಕೆ ಯಾವ ಹಕ್ಕಿ ಬರುತ್ತದೆ ಎಂದು. ಶಾಲೆಯ ಮಕ್ಕಳು ಓದಲಿ. ದಾನಿಗಳ ಹೆಸರು ಲೆಕ್ಕದ ಪುಸ್ತಕದಲ್ಲಿರಲಿ. ಲಿಂಗೈಕ್ಯರಾದ ಹಿರಿಯರ ಸ್ಮರಣೆಗೆ ಗದ್ದುಗೆಯ ಮೇಲೆ ಇನ್ನಷ್ಟು ಗ್ರಾನೈಟ್ ಹಾಕಿಸುವವರು ಆ ಹಣದಲ್ಲಿ ಒಂದು ಗಿಡವನ್ನು ಮೂರು ಬೇಸಿಗೆ ಸಾಕಲಿ. ನಾವು ಮಣ್ಣಿಗೆ ಹೋಗುವ ಜನ. ಮಣ್ಣಿನಿಂದ ಏಳುವುದು ಗಿಡವೇ ಆಗಲಿ.

ಐದು. ಪ್ರತಿ ಜೂನ್ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ಸಮಿತಿಯವರು ಎದ್ದು ನಿಂತು ಎರಡೇ ಅಂಕಿ ಹೇಳಲಿ: ಎಷ್ಟು ಗಿಡ ಬದುಕಿವೆ, ಎಷ್ಟು ಸತ್ತಿವೆ. ಎಷ್ಟು ನೆಟ್ಟೆವು ಎಂಬುದು ಬೇಡ. ಸತ್ತ ಗಿಡದ ಲೆಕ್ಕವನ್ನು ಗುರುವಿನ ಎದುರು, ಜನರ ಎದುರು ಹೇಳುವುದು ಕಷ್ಟ. ಆದರೆ ಆ ಒಂದು ಅಂಜಿಕೆಗೇ ಎಷ್ಟೋ ಗಿಡ ಬದುಕುತ್ತವೆ.

ಬಂಧುಗಳೇ, ಸ್ಥಾವರವನ್ನು ಬಿಟ್ಟು ಜಂಗಮವನ್ನು ಹಿಡಿ ಎಂಬುದು ನಮ್ಮ ಧರ್ಮದ ತಿರುಳು. ಗಿಡ ನಿಂತಲ್ಲೇ ನಿಂತಿರುತ್ತದೆ, ಹಾಗಾದರೆ ಅದು ಸ್ಥಾವರವೇ ಎಂದು ಒಬ್ಬ ಹುಡುಗ ಕೇಳಬಹುದು. ಅವನಿಗೆ ಹೇಳಿ: ಅದರ ನೆರಳು ದಿನವೂ ನಡೆಯುತ್ತದೆ, ಅದರ ಬೀಜವನ್ನು ಹಕ್ಕಿ ಒಯ್ಯುತ್ತದೆ, ಅದರ ಉಸಿರು ಊರೆಲ್ಲ ತಿರುಗುತ್ತದೆ. ಕುಲ ಕೇಳದೆ, ಟಿಕೆಟ್ ಕೇಳದೆ ಕೊಡುತ್ತದೆ. ಅದರ ಹತ್ತಿರ ನಮಗೆ ಕಲಿಯುವುದು ಇನ್ನೂ ಬಹಳ ಇದೆ.

ಈ ಸಲ ಜುಲೈನಲ್ಲಿ ಯಾರಾದರೂ ಸಸಿ ನೆಡಲು ಕರೆದರೆ ಸಂತೋಷದಿಂದ ಹೋಗಿ. ಹೋಗಿ ಒಂದೇ ಮಾತು ಕೇಳಿ: ಮಾರ್ಚಿಯಲ್ಲಿ ನೀರು ಹಾಕುವವರು ಯಾರು? ಉತ್ತರ ಬರದಿದ್ದರೆ, ನಾವು ಹಾಕುತ್ತೇವೆ ಎಂದು ನೀವೇ ಹೇಳಿ ಬನ್ನಿ.